‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುವ ಮುನ್ನ

ಕನ್ನಡಿಗರ ಬಗ್ಗೆ ಹೊರರಾಜ್ಯದವರಿಗೆ ಬೇರೇನು ಗೊತ್ತಿಲ್ಲದಿದ್ದರೂ ಒಂದು ಮಾತು ಗೊತ್ತಿರುತ್ತದೆ: ‘ಸ್ವಲ್ಪ ಅಡ್ಜಸ್ಟ್ ಮಾಡಿ’. ಬೆಂಗಳೂರಿನಲ್ಲಿ ಒಂದೆರಡು ವರ್ಷ ಕೆಲಸ ಮಾಡಿ ಬಂದ ಯಾವ ಸಹೋದ್ಯೋಗಿಯನ್ನು ಬೇಕಾದರೂ ಕೇಳಿ ನೋಡಿ, ನಗುತ್ತಾ ಈ ಮೂರು ಪದ ಒಪ್ಪಿಸುತ್ತಾರೆ. ನಾವೂ ನಗುತ್ತೇವೆ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗುತ್ತದೆ. ಮೂರು ಜನ ಕೂರುವ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಕೊಡುವ ಜನ ನಾವು ಅಂತ.

ಶಿವಮೊಗ್ಗ ಬಿಟ್ಟು ಪುಣೆಗೆ ಬಂದು ನನಗೆ ಹದಿನೇಳು ವರ್ಷವಾಯಿತು. ಇಪ್ಪತ್ತೆರಡು ಜನರ ಒಂದು ಸಾಫ್ಟ್‌ವೇರ್ ತಂಡಕ್ಕೆ ಮೊದಲ ಸಲ ಮ್ಯಾನೇಜರ್ ಆದಾಗ ನನ್ನ ಕೈಯಲ್ಲಿದ್ದ ಏಕೈಕ ಆಡಳಿತ ಸಿದ್ಧಾಂತ ಇದೇ ಆಗಿತ್ತು. ಯಾರಾದರೂ ಇಬ್ಬರು ಜಗಳವಾಡಿದರೆ ಇಬ್ಬರನ್ನೂ ಕರೆದು ಚಹಾ ತರಿಸಿ, ಈ ಕಡೆಯಿಂದ ಸ್ವಲ್ಪ, ಆ ಕಡೆಯಿಂದ ಸ್ವಲ್ಪ ಕಡಿದು ನಡುವಿನ ಒಂದು ಜಾಗದಲ್ಲಿ ಗೆರೆ ಎಳೆಯುತ್ತಿದ್ದೆ. ಬಹಳ ದಿನ ಅದು ಕೆಲಸ ಮಾಡಿತು ಅಂತಲೇ ಅಂದುಕೊಂಡಿದ್ದೆ. ಒಂದು ದಿನ ನನ್ನ ತಂಡದ ಅತ್ಯುತ್ತಮ ಕೆಲಸಗಾರ್ತಿ ರಾಜೀನಾಮೆ ಕೊಟ್ಟು ಹೋದರು. ಆಮೇಲೆ ಈ ವಿಷಯದ ಬಗ್ಗೆ ಓದಲು, ಕೇಳಲು, ಯೋಚಿಸಲು ಶುರುಮಾಡಿದೆ. ನಮ್ಮ ಓದುಗರಲ್ಲಿ ಬಹಳಷ್ಟು ಮಂದಿ ಆಫೀಸು, ಬ್ಯಾಂಕು, ಹೋಟೆಲು, ಆಸ್ಪತ್ರೆ ಅಂತ ಎಲ್ಲಾದರೂ ನಾಲ್ಕು ಜನರ ಮೇಲೆ ಮುಂದಾಳಾಗಿ ಇರುವವರೇ. ನನ್ನ ತಪ್ಪು ಅವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಜಗಳ ಇಷ್ಟೇ. ಪ್ರತಿ ಸೋಮವಾರ ಬೆಳಗ್ಗೆ ಗ್ರಾಹಕರಿಗೆ ಹೊಸ ಆವೃತ್ತಿ ಹೋಗಬೇಕು. ಕೋಡ್ ಬರೆಯುವವರ ಲೀಡ್ ಶುಕ್ರವಾರ ಸಂಜೆ ಕೆಲಸ ಮುಗಿಸಿ ಟೆಸ್ಟಿಂಗ್ ತಂಡಕ್ಕೆ ಕೊಡುತ್ತಿದ್ದರು. ಟೆಸ್ಟಿಂಗ್ ಲೀಡ್, ನಾಗಪುರದ ಹೆಣ್ಣುಮಗಳು, ‘ಗುರುವಾರ ಕೊಡಿ’ ಎಂದು ಪಟ್ಟು ಹಿಡಿದರು. ‘ಗ್ರಾಹಕರು ಶುಕ್ರವಾರದವರೆಗೂ ಬದಲಾವಣೆ ಕಳಿಸ್ತಾನೇ ಇರ್ತಾರೆ, ಗುರುವಾರ ಹೇಗೆ ಕೊಡಲಿ’ ಎಂದು ಇವರು. ಮೇಲ್ ಮೇಲೆ ಮೇಲ್. ನಾನು ಚಹಾ ತರಿಸಿದೆ. ‘ಶುಕ್ರವಾರ ಮಧ್ಯಾಹ್ನ ಹನ್ನೆರಡು ಗಂಟೆ’ ಎಂದು ತೀರ್ಪು ಕೊಟ್ಟೆ. ಇಬ್ಬರೂ ತಲೆಯಾಡಿಸಿದರು. ನಾಲ್ಕು ತಿಂಗಳ ಬಳಿಕ ಆಕೆಯ ರಾಜೀನಾಮೆ ಪತ್ರ ಬಂತು. ಕೊನೆಯ ದಿನ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಸರ್, ನೀವು ನನ್ನ ಬೇಡಿಕೆ ಕೇಳಿದಿರಿ. ಕಾರಣ ಕೇಳಲಿಲ್ಲ.’

ವಾದ, ಜಲ್ಪ, ವಿತಂಡ

ಕೋಥ್ರೂಡಿನ ನಮ್ಮ ಸೊಸೈಟಿಯಲ್ಲಿ ಧಾರವಾಡದ ಒಬ್ಬರು ಹಿರಿಯರಿದ್ದಾರೆ. ನಿವೃತ್ತ ಸಂಸ್ಕೃತ ಮೇಷ್ಟ್ರು, ಮಗನ ಮನೆಗೆ ಬಂದು ಇಲ್ಲೇ ನೆಲೆಸಿದವರು. ಕನ್ನಡದವರೆಲ್ಲ ಅವರನ್ನು ‘ಕಾಕಾ’ ಎಂದೇ ಕರೆಯುವುದು. ಸಂಜೆ ವಾಕಿಂಗ್‌ನಲ್ಲಿ ಅವರ ಮುಂದೆ ನನ್ನ ಗೋಳು ತೋಡಿಕೊಂಡೆ. ಪೂರ್ತಿ ಕೇಳಿದ ಮೇಲೆ ಅವರು ಹೇಳಿದ್ದು: ‘ಅಲ್ಲೋ ತಮ್ಮಾ, ಅವರಿಬ್ಬರು ಮಾಡಿದ್ದು ವಾದ ಅಲ್ಲ, ಜಲ್ಪ. ನೀ ಜಲ್ಪಕ್ಕ ಪಂಚಾಯ್ತಿ ಮಾಡ್ಲಿಕ್ಕೆ ಹೋದಿ. ಮೊದಲು ಅದನ್ನ ವಾದ ಮಾಡ್ಬೇಕಿತ್ತು.’

ಗೌತಮನ ನ್ಯಾಯಸೂತ್ರದಲ್ಲಿ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ ಎಂದು ಕಾಕಾ ವಿವರಿಸಿದರು. ಸತ್ಯ ಏನು ಎಂದು ತಿಳಿಯಲು ಇಬ್ಬರೂ ಸೇರಿ ಮಾಡುವುದು ವಾದ. ಅಲ್ಲಿ ಪ್ರಮಾಣ ಮತ್ತು ತರ್ಕಕ್ಕಷ್ಟೇ ಬೆಲೆ. ಗೆಲ್ಲುವುದೊಂದೇ ಗುರಿಯಾದಾಗ ಅದು ಜಲ್ಪ. ಅಲ್ಲಿ ಮಾತಿನ ಚಮತ್ಕಾರ, ಮೋಸದ ತರ್ಕ ಎಲ್ಲವೂ ನಡೆಯುತ್ತದೆ. ತನ್ನದು ಅಂತ ಒಂದು ನಿಲುವೇ ಇಲ್ಲದೆ ಎದುರಿನವರದ್ದನ್ನು ಕೆಡವುವುದಷ್ಟೇ ಕೆಲಸವಾದರೆ ಅದು ವಿತಂಡ. ನಾವು ದಿನನಿತ್ಯ ‘ವಿತಂಡವಾದ’ ಎಂದು ಬೈಯುವುದು ಇದನ್ನೇ, ಆದರೆ ಮೂಲ ಅರ್ಥವನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಜಲ್ಪದಲ್ಲಿ ಬಳಸುವ ಒಂದು ಆಯುಧದ ಹೆಸರು ‘ಛಲ’. ನಮ್ಮ ಕನ್ನಡದ ಹಟದ ಛಲವಲ್ಲ, ಎದುರಿನವರ ಮಾತನ್ನು ಬೇಕೆಂದೇ ಬೇರೆ ಅರ್ಥಕ್ಕೆ ತಿರುಚುವುದು. ವಾತ್ಸ್ಯಾಯನನ ಭಾಷ್ಯದಲ್ಲಿ ಅದಕ್ಕೆ ಒಂದು ತಮಾಷೆಯ ಉದಾಹರಣೆ ಇದೆ. ಒಬ್ಬ ಹುಡುಗನನ್ನು ನೋಡಿ ‘ಇವನು ನವಕಂಬಳಿಯವನು’ ಎಂದು ಯಾರೋ ಹೇಳುತ್ತಾರೆ. ಹೊಸ ಕಂಬಳಿ ಹೊದ್ದವನು ಎಂದರ್ಥ. ಎದುರಿನವನು ‘ಎಲ್ಲಿ ಒಂಬತ್ತು ಕಂಬಳಿ? ಒಂದೇ ಇದೆಯಲ್ಲ!’ ಎನ್ನುತ್ತಾನೆ. ನವ ಎಂದರೆ ಹೊಸದು, ನವ ಎಂದರೆ ಒಂಬತ್ತೂ ಹೌದಲ್ಲ.

ಕೇಳಿ ನಕ್ಕೆ. ಮನೆಗೆ ಹೋಗಿ ಆ ಹಳೆಯ ಮೇಲ್‌ಗಳನ್ನು ತೆರೆದು ನೋಡಿದಾಗ ನಗು ನಿಂತಿತು. ‘ನಮಗೆ ಹೆಚ್ಚು ಸಮಯ ಬೇಕು’ ಎಂದು ಆಕೆ ಬರೆದಿದ್ದರು. ‘ಅಂದರೆ ನಿಮ್ಮ ತಂಡಕ್ಕೆ ಈಗಿನ ವೇಗದಲ್ಲಿ ಕೆಲಸ ಮಾಡಲು ಆಗುವುದಿಲ್ಲ ಎಂದಾಯಿತು’ ಎಂದು ಇವರ ಉತ್ತರ. ಅದಕ್ಕೆ ಆಕೆಯ ಉತ್ತರವೂ ಅದೇ ಧಾಟಿಯದು: ‘ಸರಿಯಾಗಿ ಬರೆದ ಕೋಡಾದರೆ ಸಮಯವೇ ಬೇಕಾಗುತ್ತಿರಲಿಲ್ಲ.’ ಸಾಲು ಸಾಲಾಗಿ ಒಂಬತ್ತು ಕಂಬಳಿ. ನನ್ನ ಕಣ್ಣೆದುರೇ ಇತ್ತು, ಕಂಡಿರಲಿಲ್ಲ.

ಜಲ್ಪವನ್ನು ವಾದಕ್ಕೆ ತಿರುಗಿಸುವುದು ಹೇಗೆ? ನಮ್ಮ ಶಾಸ್ತ್ರಗ್ರಂಥಗಳ ಕ್ರಮವೇ ಅದಕ್ಕೆ ದಾರಿ ತೋರಿಸುತ್ತದೆ. ಅಲ್ಲಿ ಬರೆಯುವವನು ತನ್ನ ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ನಿಲುವನ್ನು, ಅದರ ಸಕಲ ಬಲದೊಂದಿಗೆ ಮಂಡಿಸುತ್ತಾನೆ. ಪೂರ್ವಪಕ್ಷ ದುರ್ಬಲವಾಗಿದ್ದರೆ ಸಿದ್ಧಾಂತಕ್ಕೂ ಬೆಲೆಯಿಲ್ಲ. ಇದನ್ನು ನಾನು ಈಗ ಆಫೀಸಿನಲ್ಲಿ ನಿಯಮ ಮಾಡಿಕೊಂಡಿದ್ದೇನೆ. ಇಬ್ಬರಿಗೆ ತಕರಾರು ಬಂದರೆ ಮೊದಲ ಹತ್ತು ನಿಮಿಷ ಇವರು ಅವರ ಪರವಾಗಿ ಮಾತಾಡಬೇಕು, ಅವರು ಇವರ ಪರವಾಗಿ. ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಎದುರಿನವರು ಒಪ್ಪುವವರೆಗೆ ಮುಂದಿನ ಮಾತಿಲ್ಲ. ಮೊದಮೊದಲು ಎಲ್ಲರಿಗೂ ಮುಜುಗರ. ಆದರೆ ಅರ್ಧದಷ್ಟು ಜಗಳಗಳು ಆ ಹತ್ತು ನಿಮಿಷದಲ್ಲೇ ಕರಗುವುದನ್ನು ಕಂಡಿದ್ದೇನೆ. ಯಾಕೆಂದರೆ ಆ ಜಗಳಗಳು ನಿಂತಿದ್ದದ್ದೇ ಇಲ್ಲದ ಕಂಬಳಿಗಳ ಮೇಲೆ.

ಸೈನ್ಯ ದೂರ ನಿಲ್ಲಲಿ

ಕಂಬಳಿಗಳು ಒಂದರಿಂದ ಒಂಬತ್ತಾಗುವುದಕ್ಕೆ ಇನ್ನೊಂದು ಕಾರಣವೂ ಆ ಮೇಲ್‌ಗಳಲ್ಲೇ ಇತ್ತು. ಮೊದಲ ಮೇಲ್ ಹೋಗಿದ್ದು ಒಬ್ಬರಿಗೆ. ಎರಡನೆಯದಕ್ಕೆ ಸಿಸಿಯಲ್ಲಿ ಮೂವರು. ಐದನೆಯದರಲ್ಲಿ ಹದಿನಾಲ್ಕು ಜನ, ಅದರಲ್ಲಿ ನಮ್ಮ ವೈಸ್ ಪ್ರೆಸಿಡೆಂಟ್ ಕೂಡ. ಹದಿನಾಲ್ಕು ಜನ ನೋಡುತ್ತಿರುವಾಗ ಸೋಲೊಪ್ಪಿಕೊಳ್ಳುವವರು ಯಾರು?

ಇಲ್ಲಿ ನನಗೆ ನೆನಪಾದದ್ದು ಶ್ರವಣಬೆಳಗೊಳ. ಶಾಲೆಯ ಪ್ರವಾಸದಲ್ಲಿ ಮೆಟ್ಟಿಲು ಹತ್ತಿ ಎಲ್ಲರೂ ನೋಡಿದ್ದೇವೆ. ಪಂಪ 941ರಲ್ಲಿ ಮುಗಿಸಿದ ‘ಆದಿಪುರಾಣ’ದಲ್ಲಿ ಭರತ ಬಾಹುಬಲಿಯರ ಕಥೆ ಬರುತ್ತದೆ. ಅಣ್ಣ ಚಕ್ರವರ್ತಿ, ತಮ್ಮ ತಲೆಬಾಗುವುದಿಲ್ಲ ಎನ್ನುತ್ತಾನೆ, ಎರಡೂ ಸೇನೆಗಳು ಎದುರುಬದುರು ನಿಲ್ಲುತ್ತವೆ. ಆಗ ಮಂತ್ರಿಗಳು ಯೋಚಿಸುತ್ತಾರೆ. ಜಗಳ ಇರುವುದು ಅಣ್ಣತಮ್ಮಂದಿರ ನಡುವೆ, ಸಾಯುವುದು ಮಾತ್ರ ಸಾವಿರಾರು ಸೈನಿಕರು. ಆದ್ದರಿಂದ ಇಬ್ಬರೇ ಹೋರಾಡಲಿ ಎಂದು ಒಪ್ಪಿಸುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಬಾಹುಬಲಿ ಗೆಲ್ಲುತ್ತಾನೆ, ಗೆದ್ದ ಕ್ಷಣದಲ್ಲಿ ಗೆಲುವಿನ ಬೆಲೆ ಅರಿವಾಗಿ ರಾಜ್ಯವನ್ನೇ ಬಿಟ್ಟು ಹೊರಟುಬಿಡುತ್ತಾನೆ.

ನಾವೆಲ್ಲ ಬಾಹುಬಲಿಯ ತ್ಯಾಗವನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಮ್ಯಾನೇಜರ್ ಆಗಿ ನನಗೆ ಆ ಮಂತ್ರಿಗಳು ಹೆಚ್ಚು ಹತ್ತಿರ. ಅವರು ಯುದ್ಧ ನಿಲ್ಲಿಸಲಿಲ್ಲ, ಅದು ಅವರ ಕೈಯಲ್ಲಿರಲಿಲ್ಲ. ಯುದ್ಧ ಯಾರದ್ದೋ ಅವರಿಗಷ್ಟೇ ಅದನ್ನು ಸೀಮಿತಗೊಳಿಸಿದರು. ನಮ್ಮ ಕಾಲದ ಸೈನ್ಯ ಎಂದರೆ ಸಿಸಿಯಲ್ಲಿರುವ ಹೆಸರುಗಳು, ವಾಟ್ಸಾಪ್ ಗುಂಪುಗಳು, ಕ್ಯಾಂಟೀನಿನ ಎರಡು ಮೇಜುಗಳು. ಮೂರನೆಯ ಮೇಲ್‌ಗೇ ನಾನು ಎದ್ದು ಹೋಗಿ ‘ಮೇಲ್ ಸಾಕು, ನೀವಿಬ್ಬರೂ ಬನ್ನಿ’ ಎಂದಿದ್ದರೆ ಎಷ್ಟೋ ಮಾತು ಉಳಿಯುತ್ತಿತ್ತು.

ಪಕ್ಕದ ಕೋಣೆಯ ಕಿಟಕಿ

ಆದರೆ ಇಬ್ಬರೇ ಕೂತು, ಒಬ್ಬರ ಮಾತನ್ನೊಬ್ಬರು ಸರಿಯಾಗಿ ಕೇಳಿಸಿಕೊಂಡ ಮೇಲೂ ಭಿನ್ನಾಭಿಪ್ರಾಯ ಉಳಿಯಬಹುದಲ್ಲ? ಆಗ ಏನು ಮಾಡಬೇಕು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಉತ್ತರ ಸುಮಾರು ನೂರು ವರ್ಷ ಹಿಂದಿನದು. ಅಮೆರಿಕದ ಬಾಸ್ಟನ್ ಕಡೆಯ ಮೇರಿ ಪಾರ್ಕರ್ ಫಾಲೆಟ್ (1868–1933) ಸಮಾಜಸೇವೆಯಿಂದ ಆಡಳಿತ ಚಿಂತನೆಗೆ ಬಂದವರು. 1925ರಲ್ಲಿ ನ್ಯೂಯಾರ್ಕಿನಲ್ಲಿ ಸಂಘರ್ಷವನ್ನು ರಚನಾತ್ಮಕವಾಗಿ ಬಳಸಿಕೊಳ್ಳುವ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಸಂಘರ್ಷ ಎಂದರೆ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ, ಅದು ಬರೀ ಭಿನ್ನತೆ. ಘರ್ಷಣೆಯಿಂದ ಶಾಖವೂ ಹುಟ್ಟುತ್ತದೆ, ಪಿಟೀಲಿನ ನಾದವೂ ಹುಟ್ಟುತ್ತದೆ, ಎರಡನೆಯದನ್ನು ಪಡೆಯುವುದು ಹೇಗೆ ಎಂಬುದು ಅವರ ಪ್ರಶ್ನೆ.

ಅವರ ಪ್ರಕಾರ ದಾರಿಗಳು ಮೂರು. ಒಬ್ಬರು ಇನ್ನೊಬ್ಬರನ್ನು ಮಣಿಸುವುದು ಒಂದು. ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು, ಅಂದರೆ ರಾಜಿ, ಇನ್ನೊಂದು. ಮೂರನೆಯದು, ಯಾರೂ ಏನೂ ಬಿಟ್ಟುಕೊಡದೆ ಇಬ್ಬರ ನಿಜವಾದ ಬಯಕೆಯೂ ಈಡೇರುವ ಹೊಸ ದಾರಿಯೊಂದನ್ನು ಕಂಡುಕೊಳ್ಳುವುದು. ಇದನ್ನು ಸಮನ್ವಯ ಎನ್ನೋಣ. ಅವರು ಕೊಟ್ಟ ಉದಾಹರಣೆ ಬಹಳ ಸಣ್ಣದು. ಹಾರ್ವರ್ಡ್ ಗ್ರಂಥಾಲಯದ ಒಂದು ಪುಟ್ಟ ಕೋಣೆಯಲ್ಲಿ ಯಾರೋ ಕಿಟಕಿ ತೆರೆಯಬೇಕು ಎಂದರು, ಫಾಲೆಟ್‌ಗೆ ಮುಚ್ಚಿರಬೇಕಿತ್ತು. ಕೊನೆಗೆ ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಅವರಿಗೆ ಬೇಕಿದ್ದದ್ದು ಗಾಳಿ, ಈ ಕಿಟಕಿಯೇ ಅಂತಲ್ಲ. ಇವರಿಗೆ ಬೇಡವಾಗಿದ್ದದ್ದು ಮೈಮೇಲೆ ನೇರವಾಗಿ ಬೀಸುವ ಉತ್ತರದ ಚಳಿಗಾಳಿ, ಗಾಳಿಯೇ ಅಲ್ಲ.

ಗಮನಿಸಿ, ಇಲ್ಲಿ ರಾಜಿ ಎಂದರೆ ಕಿಟಕಿಯನ್ನು ಅರ್ಧ ತೆರೆಯುವುದು. ಆಗ ಒಬ್ಬರಿಗೆ ಅರ್ಧ ಸೆಕೆ, ಇನ್ನೊಬ್ಬರಿಗೆ ಅರ್ಧ ಚಳಿ. ನನ್ನ ‘ಶುಕ್ರವಾರ ಮಧ್ಯಾಹ್ನ ಹನ್ನೆರಡು’ ಹಾಗೆ ಅರ್ಧ ತೆರೆದ ಕಿಟಕಿ. ಕೋಡ್ ಬರೆಯುವವರಿಗೆ ಅರ್ಧ ದಿನ ನಷ್ಟ, ಟೆಸ್ಟಿಂಗ್‌ನವರಿಗೆ ಶನಿವಾರದ ಕೆಲಸ ತಪ್ಪಲಿಲ್ಲ.

ಆಕೆ ಹೋದ ಮೇಲೆ ಕಾರಣ ಕೇಳುತ್ತಾ ಹೋದೆ. ಟೆಸ್ಟಿಂಗ್ ತಂಡಕ್ಕೆ ಬೇಕಿದ್ದದ್ದು ಗುರುವಾರ ಅಲ್ಲವೇ ಅಲ್ಲ, ಶನಿವಾರ ರಜೆ. ಆ ತಂಡದ ಆರು ಜನರಲ್ಲಿ ಇಬ್ಬರು ಎಳೆಮಕ್ಕಳ ತಾಯಂದಿರು. ಏಳು ತಿಂಗಳಿಂದ ಒಂದು ವಾರಾಂತ್ಯವೂ ಪೂರ್ತಿ ಸಿಕ್ಕಿರಲಿಲ್ಲ. ಅವರ ಹೆಸರು ಎತ್ತಿದರೆ ಅವರ ಅಪ್ರೈಸಲ್‌ಗೆ ಪೆಟ್ಟು ಬೀಳುತ್ತದೆ ಎಂದು ಲೀಡ್ ತನ್ನ ಮೇಲೆ ಹಾಕಿಕೊಂಡು ಜಗಳವಾಡಿದ್ದರು. ಆ ಕಡೆ ಕೋಡಿಂಗ್ ಲೀಡ್‌ಗೆ ಬೇಕಿದ್ದದ್ದು ಶುಕ್ರವಾರವೂ ಅಲ್ಲ. ಗ್ರಾಹಕರ ಒಂದು ಬದಲಾವಣೆ ಬಿಟ್ಟುಹೋದರೆ ಬೈಗುಳ ತಿನ್ನುವವರು ಅವರೊಬ್ಬರೇ, ಅದರಿಂದ ರಕ್ಷಣೆ ಬೇಕಿತ್ತು. ಹಾಗಾದರೆ ಇದೆಲ್ಲದರ ಮೂಲವಾದ ಸೋಮವಾರ ಎಲ್ಲಿಂದ ಬಂತು? ಗ್ರಾಹಕರ ಕಡೆಯವರಿಗೆ ಫೋನ್ ಮಾಡಿ ಕೇಳಿದೆ. ‘ಸೋಮವಾರವಾ? ಪ್ರಾಜೆಕ್ಟ್ ಶುರುವಾದಾಗ ಯಾರೋ ಹಾಕಿದ ದಿನ ಅದು. ನಾವು ಹೇಗಿದ್ದರೂ ನೋಡೋದು ಗುರುವಾರ. ಬುಧವಾರ ಕಳಿಸಿದರೂ ನಡೆಯುತ್ತೆ’ ಎಂದರು.

ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಪಕ್ಕದ ಕೋಣೆಯ ಕಿಟಕಿ ಅಷ್ಟು ದಿನವೂ ಅಲ್ಲೇ ಇತ್ತು. ಆರು ನಿಮಿಷದ ಒಂದು ಫೋನ್. ಅದನ್ನು ಮಾಡಬೇಕಾದವನು ನಾನೇ, ಯಾಕೆಂದರೆ ಆ ಇಬ್ಬರಿಗೂ ಗ್ರಾಹಕರೊಂದಿಗೆ ನೇರ ಮಾತಾಡುವ ಅಧಿಕಾರ ಇರಲಿಲ್ಲ. ಬೇಡಿಕೆಯ ಹಿಂದಿನ ಕಾರಣವನ್ನು ಮುಂದಾಳು ಕೇಳಬೇಕು ಎನ್ನುವುದು ಇದಕ್ಕಾಗಿ. ಪಕ್ಕದ ಕೋಣೆಯ ಬೀಗದ ಕೈ ಸಾಮಾನ್ಯವಾಗಿ ಅವನ ಬಳಿಯೇ ಇರುತ್ತದೆ.

ನಡುವೆ ನಿಲ್ಲಬಾರದ ಹೊತ್ತು

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಆ ದಿನಗಳ ಒಂದು ಮೀಟಿಂಗಿನಲ್ಲಿ ಹದಿನೈದು ಜನರ ಮುಂದೆ ಕೋಡಿಂಗ್ ಲೀಡ್ ಆಕೆಗೆ ‘ಮನೆ, ಮಕ್ಕಳು ಅಂತ ನೋಡಿಕೊಂಡಿರಬೇಕಾದವರು ಈ ಕೆಲಸಕ್ಕೆ ಬರಬಾರದು’ ಎಂದಿದ್ದರು. ನಾನು ‘ಮುಂದಿನ ವಿಷಯಕ್ಕೆ ಹೋಗೋಣ’ ಎಂದೆ. ನಿಷ್ಪಕ್ಷಪಾತಿ ಆಗಿರಬೇಕು ಎನ್ನುವುದು ನನ್ನ ಲೆಕ್ಕಾಚಾರ. ಈಗ ಯೋಚಿಸಿದರೆ, ಆಕೆಯ ರಾಜೀನಾಮೆ ಬರೆದದ್ದು ಆ ಗುರುವಾರ ಶುಕ್ರವಾರಗಳಲ್ಲ, ನನ್ನ ಆ ಒಂದು ವಾಕ್ಯ.

ಭಿನ್ನಾಭಿಪ್ರಾಯ ಬೇರೆ, ಅನ್ಯಾಯ ಬೇರೆ. ಮೊದಲನೆಯದರಲ್ಲಿ ಮುಂದಾಳು ನಡುವೆ ನಿಲ್ಲಬೇಕು, ಎರಡನೆಯದರಲ್ಲಿ ನಿಲ್ಲಬಾರದು. ಈ ವ್ಯತ್ಯಾಸ ತಿಳಿಯಲು ನನಗೆ ನೆರವಾದದ್ದು 1918ರ ಅಹಮದಾಬಾದ್ ಗಿರಣಿ ಮುಷ್ಕರ. ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ಬೋನಸ್ಸನ್ನು ಮಾಲೀಕರು ನಿಲ್ಲಿಸಿದರು. ಯುದ್ಧಕಾಲದ ಬೆಲೆಯೇರಿಕೆ ಬೇರೆ. ಕಾರ್ಮಿಕರು ಶೇಕಡ 50 ಹೆಚ್ಚಳ ಕೇಳಿದರು, ಮಾಲೀಕರು 20ಕ್ಕಿಂತ ಹೆಚ್ಚು ಇಲ್ಲ ಎಂದರು. ಮಾಲೀಕರ ಕಡೆಯ ಮುಖಂಡ ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ. ಗಾಂಧೀಜಿ ಇಬ್ಬರಿಗೂ ಬೇಕಾದವರು.

ಗಾಂಧೀಜಿ ಮೊದಲು ಮಾಡಿದ ಕೆಲಸ ವಿಚಾರಣೆ. ಕೂಲಿ, ಖರ್ಚು, ಬೇರೆ ಕಡೆಯ ಸಂಬಳ ಎಲ್ಲ ನೋಡಿ ಶೇಕಡ 35 ನ್ಯಾಯ ಎಂದು ತೀರ್ಮಾನಿಸಿದರು, ಕಾರ್ಮಿಕರಿಂದಲೂ 50ರ ಬೇಡಿಕೆಯನ್ನು ಅಲ್ಲಿಗೆ ಇಳಿಸಿದರು. 50 ಮತ್ತು 20ರ ನಡು ಕೂಡ 35 ಅಲ್ಲವೇ ಎಂದು ಲೆಕ್ಕ ಗೊತ್ತಿರುವವರು ಕೇಳಬಹುದು. ನಿಜ. ಆದರೆ ಅದು ನಡುವೆ ಎಳೆದ ಗೆರೆಯಾಗಿದ್ದರೆ ಇನ್ನೊಂದು ಚೌಕಾಶಿಗೆ ಮತ್ತೆ ಕದಲುತ್ತಿತ್ತು. ವಿಚಾರಿಸಿ ಕಂಡುಕೊಂಡ ಸಂಖ್ಯೆಯಾದ್ದರಿಂದ ಅದರ ಹಿಂದೆ ಗಾಂಧೀಜಿ ಗಟ್ಟಿಯಾಗಿ ನಿಂತರು, ಆ ಬಳಿಕ ನಡುವೆ ನಿಲ್ಲಲಿಲ್ಲ. ಮಾರ್ಚ್ 15ರಂದು ಉಪವಾಸ ಕೂತರು, 18ಕ್ಕೆ ಒಪ್ಪಂದವಾಯಿತು. ವಿಷಯ ಪಂಚರಾದ ಆನಂದಶಂಕರ ಧ್ರುವ ಅವರ ಬಳಿಗೆ ಹೋಯಿತು, ಅವರೂ 35 ಅನ್ನೇ ಎತ್ತಿಹಿಡಿದರು. ಈ ಹೋರಾಟದ ಬಗ್ಗೆ ಮಹಾದೇವ ದೇಸಾಯಿ ಗುಜರಾತಿಯಲ್ಲಿ ಬರೆದ ಪುಸ್ತಕದ ಹೆಸರು ‘ಏಕ್ ಧರ್ಮಯುದ್ಧ’.

ನನಗೆ ಮುಖ್ಯವೆನಿಸುವ ಇನ್ನೊಂದು ಸಂಗತಿಯಿದೆ. ಮಾಲೀಕರು ತನ್ನ ಸ್ನೇಹಿತರಾದ್ದರಿಂದ ಉಪವಾಸ ಅವರ ಮೇಲೆ ಒತ್ತಡ ಹೇರಿತು, ಆ ಮಟ್ಟಿಗೆ ಅದರಲ್ಲಿ ದೋಷವಿತ್ತು ಎಂದು ಗಾಂಧೀಜಿಯೇ ಒಪ್ಪಿಕೊಂಡರು. ನ್ಯಾಯದ ಪರ ನಿಂತ ಮೇಲೂ ‘ನನ್ನ ವಿಧಾನದಲ್ಲಿ ಎಲ್ಲಿ ತಪ್ಪಿತ್ತು’ ಎಂದು ಕೇಳಿಕೊಳ್ಳುವುದು ಬಿಡಲಿಲ್ಲ.

ಇವತ್ತಿನ ಆಫೀಸಿನಲ್ಲಿ ಕೆಲವು ಗೆರೆಗಳನ್ನು ಕಾನೂನೇ ಎಳೆದಿದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ರಾಜಿ ಸಂಧಾನ ನಡೆಯುವುದಾದರೆ ದೂರು ಕೊಟ್ಟ ಮಹಿಳೆಯೇ ಕೇಳಿಕೊಂಡಾಗ ಮಾತ್ರ, ಅದೂ ಹಣದ ಆಧಾರದ ಮೇಲೆ ಕೂಡದು. ಅಂದರೆ ಮ್ಯಾನೇಜರ್ ಚಹಾ ತರಿಸಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುವ ಜಾಗವೇ ಅಲ್ಲ ಅದು. ಜಾತಿ, ಊರು, ಭಾಷೆ ಹಿಡಿದು ಹೀಯಾಳಿಸುವುದೂ ನನ್ನ ಮಟ್ಟಿಗೆ ಇದೇ ಸಾಲಿಗೆ ಸೇರಿದ್ದು. ಪರಊರಿನಲ್ಲಿ ಬದುಕುವ ನಮಗೆ ‘ನೀವು ಸೌತ್‌ನವರು ಹಾಗೇ’ ಎಂಬ ಮಾತು ಎಲ್ಲಿ ಚುಚ್ಚುತ್ತದೆ ಎಂದು ಗೊತ್ತು. ಆಗ ಮೇಜಿನ ತುದಿಯಲ್ಲಿ ಕೂತವರು ವಿಷಯ ಬದಲಿಸಿದರೆ ಏನನಿಸುತ್ತದೆ ಎಂದೂ ಗೊತ್ತು.

ನ್ಯಾಯಸೂತ್ರಕಾರರು ಜಲ್ಪವನ್ನೂ ಪೂರ್ತಿ ತಳ್ಳಿಹಾಕಿಲ್ಲ. ಮೊಳಕೆಯನ್ನು ಕಾಯಲು ಮುಳ್ಳುಬೇಲಿ ಹಾಕುವಂತೆ ಸತ್ಯವನ್ನು ಕಾಯಲು ಅದೂ ಬೇಕಾಗುತ್ತದೆ ಎನ್ನುತ್ತಾರೆ. ಕಾಕಾ ಇದನ್ನು ಹೇಳಿ ನನ್ನ ಮುಖ ನೋಡಿದರು: ‘ಎಲ್ಲಾರ ಜೋಡಿನೂ ಮೆತ್ತಗ ಇದ್ರ ನಡಿಯೂದಿಲ್ಲ ತಮ್ಮಾ. ಬೇಲಿ ಹಾಕೋ ಜಾಗಾದಾಗ ಬೇಲಿ ಹಾಕ್ಬೇಕು.’

ಅಡ್ಜಸ್ಟ್ ಮಾಡಬೇಕಾದವರು ಯಾರು?

ಈಗ ನನ್ನ ಬಳಿ ಒಂದು ಜಗಳ ಬಂದರೆ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ವಾದವೋ, ಜಲ್ಪವೋ? ಜಗಳ ಯಾರದ್ದು, ಸೈನ್ಯ ಎಲ್ಲಿ ನಿಂತಿದೆ? ಕೇಳುತ್ತಿರುವುದರ ಹಿಂದೆ ಬೇಕಾಗಿರುವುದು ಏನು? ಇದು ಭಿನ್ನಾಭಿಪ್ರಾಯವೋ, ಅನ್ಯಾಯವೋ? ಕ್ರಮ ತಪ್ಪಬಾರದೆಂದಿಲ್ಲ. ನಿಜ ಹೇಳಬೇಕೆಂದರೆ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳುವುದು ಒಳ್ಳೆಯದು. ಎಲ್ಲ ಸಲವೂ ಪಕ್ಕದ ಕೋಣೆಯಲ್ಲಿ ಕಿಟಕಿ ಸಿಗುವುದಿಲ್ಲ. ಕೆಲವು ಸಲ ರಾಜಿಯೇ ಗತಿ. ಆದರೆ ಹುಡುಕಿದ ಮೇಲೆ ಮಾಡುವ ರಾಜಿಗೂ ಹುಡುಕದೆ ಮಾಡುವ ರಾಜಿಗೂ ವ್ಯತ್ಯಾಸವಿದೆ, ಕೂತವರಿಗೆ ಅದು ಗೊತ್ತಾಗುತ್ತದೆ.

ಹೋದ ವರ್ಷ ದೀಪಾವಳಿಗೆ ಆ ನಾಗಪುರದ ಸಹೋದ್ಯೋಗಿಗೆ ಫೋನ್ ಮಾಡಿದೆ. ಆಕೆ ಈಗ ಬೇರೆ ಕಂಪನಿಯಲ್ಲಿ ನಲವತ್ತು ಜನರ ಮುಖ್ಯಸ್ಥೆ. ಬುಧವಾರದ ಕಥೆ ಹೇಳಿದೆ, ಆ ಮೀಟಿಂಗಿನಲ್ಲಿ ಸುಮ್ಮನಿದ್ದದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, ‘ಸರ್, ನನ್ನ ಟೀಮಿನಲ್ಲೂ ಈಗ ಇಬ್ಬರು ಜಗಳವಾಡ್ತಿದ್ದಾರೆ. ಬೆಳಗ್ಗೆಯಿಂದ ಮುಂದೂಡ್ತಾ ಇದ್ದೆ. ಈಗ ಹೋಗಿ ಕಾರಣ ಕೇಳ್ತೀನಿ’ ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

‘ಸ್ವಲ್ಪ ಅಡ್ಜಸ್ಟ್ ಮಾಡಿ’ ಒಳ್ಳೆಯ ಮಾತೇ. ಬಸ್ಸಿನಲ್ಲಿ ಕೂತವರು ನಿಂತವರಿಗೆ ಜಾಗ ಮಾಡಿಕೊಡುವಾಗ ಅದು ನಮ್ಮ ಸಂಸ್ಕೃತಿ. ಮುಂದಾಳು ಕೂತಲ್ಲಿಂದ ಕದಲದೆ ನಿಂತಿರುವವರಿಗೇ ಅದನ್ನು ಹೇಳಿದರೆ ಅದು ಸೋಮಾರಿತನ. ನಾನು ಹೇಳಿದ್ದು ಎರಡನೆಯ ಬಗೆಯದು. ಆರು ನಿಮಿಷದ ಫೋನ್ ಮಾಡಲು ನಾನು ಅಡ್ಜಸ್ಟ್ ಮಾಡಿಕೊಂಡಿದ್ದರೆ ಸಾಕಿತ್ತು.